ಸತ್ಯಾಂಶ: ಲೆಕ್ಕವಿಲ್ಲದಷ್ಟು ಇದ್ದರೆ ಅಳಿಯುವುದಿಲ್ಲವೇ?

"ಎಲ್ಲೆಲ್ಲೂ ಕಾಣುವ ಜೀವಿಗೆ ಅಳಿವಿನ ಭಯವಿಲ್ಲ, ಅಪರೂಪದ್ದಕ್ಕೆ ಮಾತ್ರ ಅಪಾಯ" ಎಂಬ ಮೆಸೇಜ್ ಫಾರ್ವರ್ಡ್ ಆಗುತ್ತಿದೆ. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ತಪ್ಪು.

ಅಮೆರಿಕದ ಪ್ಯಾಸೆಂಜರ್ ಪಾರಿವಾಳಗಳು ಒಂದು ಕಾಲದಲ್ಲಿ ನೂರಾರು ಕೋಟಿ ಇದ್ದವು. ಹಿಂಡು ಹಾರಿದರೆ ಗಂಟೆಗಟ್ಟಲೆ ಬಿಸಿಲೇ ಮರೆಯಾಗುತ್ತಿತ್ತು. ಆದರೆ ಗೂಡಿಗೆ ಒಂದೇ ಮೊಟ್ಟೆ. ಗೂಡು ಕಟ್ಟುವುದೂ ಭಾರಿ ಗುಂಪಿನಲ್ಲಿ, ಒಂದೇ ಕಡೆ. ಎಲ್ಲಿ ಇಳಿದಿವೆ ಅಂತ ಟೆಲಿಗ್ರಾಫ್‌ನಲ್ಲಿ ಸುದ್ದಿ ಹೋಗುತ್ತಿತ್ತು, ಬೇಟೆಗಾರರು ರೈಲು ಹತ್ತಿ ಬರುತ್ತಿದ್ದರು. ಕೊನೆಯ ಹಕ್ಕಿ ಮಾರ್ಥಾ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು.

ಎಷ್ಟಿವೆ ಅನ್ನೋದು ಒಂದು ಪ್ರಶ್ನೆ. ಎಲ್ಲೆಲ್ಲಿವೆ ಅನ್ನೋದು ಬೇರೆಯದೇ ಪ್ರಶ್ನೆ. ಎರಡನ್ನೂ ಸುಮ್ನೆ ಬೆರೆಸಿಬಿಡುತ್ತೇವೆ. ನನಗೆ ಇದರಲ್ಲಿ ತುಂಬಾ ಕಾಡುವುದು ಉತ್ತರ ಅಮೆರಿಕದ ರಾಕಿ ಪರ್ವತದ ಮಿಡತೆ. ಹಾವಳಿಯ ವರ್ಷಗಳಲ್ಲಿ ಅದು ದೊಡ್ಡ ಬಯಲನ್ನೇ ಮುಚ್ಚುತ್ತಿತ್ತು. ಉಳಿದ ವರ್ಷಗಳಲ್ಲಿ ಬೆಟ್ಟದ ಕೆಲವು ನದಿ ಕಣಿವೆಗಳಷ್ಟೇ ಅದರ ನೆಲೆ. ವಲಸೆ ಬಂದ ರೈತರು ಅದೇ ಕಣಿವೆಗಳ ಮಣ್ಣು ಉತ್ತರು, ನೀರು ಹಾಯಿಸಿದರು, ದನ ಮೇಯಿಸಿದರು. ಮಣ್ಣಿನೊಳಗಿನ ಮೊಟ್ಟೆಗಳು ಹಾಳಾದವು ಎಂಬುದು ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆ. ಆ ಮಿಡತೆ ಜೀವಂತ ಸಿಕ್ಕಿದ್ದು 1902ರಲ್ಲೇ ಕೊನೆ.

ಮೆಸೇಜ್‌ನ ಅರ್ಧ ಮಾತು ನಿಜ. ಒಂದೇ ಜಾಗದಲ್ಲಿ ಕೆಲವೇ ಇದ್ದರೆ ಅಪಾಯ ಜಾಸ್ತಿಯೇ. ಅಮೆರಿಕದ ನೆವಾಡಾ ರಾಜ್ಯದ ಡೆವಿಲ್ಸ್ ಹೋಲ್ ಪಪ್‌ಫಿಶ್ ಎಂಬ ಪುಟ್ಟ ಮೀನಿಗೆ ಸಹಜ ನೆಲೆ ಒಂದೇ ಕೊಳ. 2013ರಲ್ಲಿ ಎಣಿಸಿದಾಗ ಅಲ್ಲಿ ಸಿಕ್ಕಿದ್ದು 35 ಮೀನು. ಹಾಗಾಗಿ ಅದನ್ನು ನೀರಿಗಿಳಿದು ಮತ್ತೆ ಮತ್ತೆ ಎಣಿಸುತ್ತಾರೆ, ಬೇರೆ ತೊಟ್ಟಿಯಲ್ಲೂ ಸಾಕುತ್ತಿದ್ದಾರೆ.