ಕಲ್ಲು ನೆಟ್ಟರೆ ಸಾಲದು, ಗದ್ದೆಯನ್ನೂ ಬಿಡಬೇಕು

ಈಗ ಊರೂರಲ್ಲೂ ಯೋಧರ ಸ್ಮಾರಕ ಏಳುತ್ತಿವೆ. ಬಸ್‌ಸ್ಟ್ಯಾಂಡ್ ಪಕ್ಕ ಒಂದು ಕಟ್ಟೆ, ಕಟ್ಟೆಯ ಮೇಲೆ ಕಪ್ಪು ಗ್ರಾನೈಟು, ಬುಡಮೇಲಾಗಿ ನಿಲ್ಲಿಸಿದ ಬಂದೂಕು, ಅದರ ಮೇಲೊಂದು ಹೆಲ್ಮೆಟ್ಟು. ನೋಡಿದರೆ ಗೌರವವೇ ಹುಟ್ಟುತ್ತದೆ, ಸುಳ್ಳು ಹೇಳುವುದಿಲ್ಲ. ಹತ್ತಿರ ಹೋಗಿ ಓದಲು ಶುರು ಮಾಡಿದಾಗಲೇ ತಕರಾರು. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿ, ದಾನಿಗಳು, ದಾನಿಗಳಲ್ಲಿ ಸಿಮೆಂಟು ಕೊಟ್ಟವರು ಬೇರೆ, ಊಟ ಹಾಕಿಸಿದವರು ಬೇರೆ. ಇಷ್ಟೆಲ್ಲ ದಾಟಿದ ಮೇಲೆ ಸತ್ತವನ ಹೆಸರು ಸಿಗುತ್ತದೆ. ಎಲ್ಲಿ ಸತ್ತ, ಹೇಗೆ ಸತ್ತ, ಯಾರ ಮಗ, ಅವನ ಹಿಂದೆ ಮನೆಯಲ್ಲಿ ಯಾರು ಉಳಿದರು ಎಂಬುದಕ್ಕೆ ಜಾಗ ಸಾಕಾಗಿರುವುದಿಲ್ಲ.

ಇದನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುವುದು ಒಂದೇ. ಈ ಕೆಲಸದಲ್ಲಿ ನಾವು ಹೊಸಬರಲ್ಲವಲ್ಲ! ಸಾವಿರದಿನ್ನೂರು ವರ್ಷಕ್ಕೂ ಹಿಂದಿನಿಂದ ಕನ್ನಡನಾಡಿನ ಹಳ್ಳಿಗಳು ಕಾಳಗದಲ್ಲಿ ಸತ್ತವರಿಗೆ ಕಲ್ಲು ನೆಟ್ಟುಕೊಂಡು ಬಂದಿವೆ. ಅದೂ ರಾಜಧಾನಿಯಲ್ಲಲ್ಲ, ಕೆರೆ ಏರಿಯ ಮೇಲೆ, ಊರಬಾಗಿಲಲ್ಲಿ, ಈಶ್ವರನ ಗುಡಿಯ ಮುಂದೆ. ನಮ್ಮ ಕಡೆಯವರು ಅದನ್ನು ವೀರಗಲ್ಲು ಅನ್ನುತ್ತೇವೆ, ಕೆಲವೆಡೆ ಬೀರಗಲ್ಲು. ಇಷ್ಟು ಹಳೆಯ ಕಸುಬನ್ನು ಇಷ್ಟು ಬೇಗ ಮರೆತದ್ದು ಹೇಗೆ?

ಬೆಂಗಳೂರಿನಿಂದಲೇ ಶುರು ಮಾಡೋಣ, ಫೇಸ್‌ಬುಕ್ಕಿನ ಅರ್ಧ ಜನ ಅಲ್ಲೇ ಇದ್ದೀರಿ. ಹೆಬ್ಬಾಳದ ಫ್ಲೈಓವರ್ ಕೆಳಗೆ ದಿನಾ ಟ್ರಾಫಿಕ್‌ನಲ್ಲಿ ಶಪಿಸುತ್ತ ನಿಲ್ಲುವವರಿಗೆ ಅಲ್ಲೇ ಆಸುಪಾಸಿನಲ್ಲಿ ಕಿತ್ತಯ್ಯ ಎಂಬೊಬ್ಬ ಇದ್ದಾನೆಂದು ಗೊತ್ತಿರಲಿಕ್ಕಿಲ್ಲ. ಗಂಗ ದೊರೆ ಶ್ರೀಪುರುಷನ ಕಾಲ, ಅಂದಾಜು ಕ್ರಿ.ಶ. 750. ರಾಷ್ಟ್ರಕೂಟರ ಕಡೆಯವರು ಏರಿ ಬಂದಾಗ ಊರು ಕಾಯಲು ನಿಂತು ಸತ್ತವನು ಕಿತ್ತಯ್ಯ. ಅವನ ಕಲ್ಲು ಬೆಳಕಿಗೆ ಬಂದದ್ದು 2018ರಲ್ಲಿ, ಚರಂಡಿ ಕೆಲಸಕ್ಕೆ ಸಿಕ್ಕಿ ಹಾಳಾಗುವ ಹೊತ್ತಿಗೆ. ಶಾಸನದ ಹುಚ್ಚು ಹತ್ತಿಸಿಕೊಂಡ ಕೆಲವರು ಓಡಿಹೋಗಿ ಉಳಿಸಿದರು. ಆಮೇಲೆ ಅಲ್ಲಿನ ನಿವಾಸಿಗಳೇ ಮುಂದೆ ನಿಂತು ಅದಕ್ಕೊಂದು ಮಂಟಪ ಕಟ್ಟಿಸಿದರು. ಯಾವ ಪಠ್ಯಪುಸ್ತಕದಲ್ಲೂ ಹೆಸರಿಲ್ಲದ ಒಬ್ಬ ಮನುಷ್ಯನಿಗೆ ಸುಮಾರು 1270 ವರ್ಷದ ನಂತರ ಅದೇ ಊರಿನವರು ಮತ್ತೆ ಮಾಡು ಹಾಕಿಸಿದ್ದಾರೆ. ಬೆಂಗಳೂರಿನ ಬಗ್ಗೆ ನನಗೆ ಇರುವ ನೂರೆಂಟು ಸಿಟ್ಟಿನ ನಡುವೆ ಇದೊಂದು ಸಂಗತಿ ತಣ್ಣಗಿಡುತ್ತದೆ.

ಬೇಗೂರಿಗೆ ಹೋಗಿ. ನಾಗೇಶ್ವರ ದೇವಸ್ಥಾನದಲ್ಲಿರುವ ಸುಮಾರು ಕ್ರಿ.ಶ. 890ರ ಶಾಸನದಲ್ಲಿ ಬೆಂಗಳೂರು ಕಾಳಗದ ಪ್ರಸ್ತಾಪ ಬರುತ್ತದೆ, ಗಂಗರ ಅಧಿಕಾರಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿ ಅದರಲ್ಲಿ ಸತ್ತ. ಬೆಂಗಳೂರು ಎಂಬ ಹೆಸರಿಗೆ ನಮಗಿರುವ ಅತ್ಯಂತ ಹಳೆಯ ದಾಖಲೆ ಇದೇ. ಐಟಿ ರಾಜಧಾನಿ, ಉದ್ಯಾನನಗರಿ ಎಂದೆಲ್ಲ ಮೆರೆಯುವ ಊರಿನ ಹೆಸರು ಮೊದಲು ಕೆತ್ತಿಸಿಕೊಂಡದ್ದು ಒಬ್ಬನ ಸಾವಿನ ಸುದ್ದಿಯಲ್ಲಿ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿಕೆ ಇರುತ್ತವೆ, ಕೆಲವೊಮ್ಮೆ ಇನ್ನೂ ಹೆಚ್ಚು. ಕೆಳಗಿನದರಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಬಿದ್ದವರು, ತುರುಗಾಳಗವಾದರೆ ಒತ್ತೊತ್ತಾಗಿ ನಿಂತ ದನಗಳು. ನಡುವೆ ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲ್ಗಡೆ ಲಿಂಗ, ನಂದಿ, ಪೂಜಾರಿ, ಕೈಮುಗಿದು ಕೂತ ವೀರ. ಜಿನನಿರುವ ಕಲ್ಲುಗಳೂ ಇವೆ. ತುದಿಯಲ್ಲಿ ಸೂರ್ಯಚಂದ್ರ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಬರಹ.

ಈ ಬರಹಗಳನ್ನು ಓದುತ್ತ ಹೋದರೆ ಮೊದಲು ಗಮನಕ್ಕೆ ಬರುವುದು ಇವರು ಸತ್ತ ಕಾರಣಗಳ ಸಣ್ಣತನ. ಸಣ್ಣತನ ಎಂದರೆ ತಪ್ಪಾಗಿ ತಿಳಿಯಬೇಡಿ, ಊರಿನ ಅಳತೆಯ ಕಾರಣಗಳು ಎಂದೆ. ಪಕ್ಕದ ಸೀಮೆಯವರು ದನ ಹೊಡೆದುಕೊಂಡು ಹೋದರು, ಬೆನ್ನಟ್ಟಿ ಹೋಗಿ ಬಿಡಿಸಿಕೊಂಡು ಬರುವಾಗ ಸತ್ತ. ಊರಿಗೆ ಬೆಂಕಿ ಬಿತ್ತು, ಊರಳಿವಿನಲ್ಲಿ ಸತ್ತ. ಹೆಂಗಸರ ಮೈಮೇಲೆ ಕೈ ಹಾಕಲು ಬಂದವರ ಎದುರು ನಿಂತು ಸತ್ತ, ಅದಕ್ಕೆ ಪೆಣ್ಬುಯ್ಯಲು ಅನ್ನುತ್ತಿದ್ದರು. ಗಡಿಜಗಳದಲ್ಲಿ ಸತ್ತ. ಗೌಡನೂ ಇದ್ದಾನೆ, ದನಗಾಹಿಯೂ ಇದ್ದಾನೆ, ಬೇಡನೂ ಇದ್ದಾನೆ, ಯಾರದೋ ಮನೆಯ ಆಳೂ ಇದ್ದಾನೆ. ಗೆದ್ದರೋ ಸೋತರೋ ಅನ್ನುವುದು ಎಷ್ಟೋ ಕಲ್ಲುಗಳಿಗೆ ಮುಖ್ಯವೇ ಅಲ್ಲ. ನಮ್ಮೂರವನು, ನಮಗಾಗಿ ಸತ್ತ, ಇಷ್ಟು ಸಾಕು.

ಆಮೇಲೆ ಬರುತ್ತದೆ ಕೊನೆಯ ಸಾಲು. ನನ್ನ ಪ್ರಕಾರ ಇಡೀ ಕಲ್ಲಿನ ಜೀವ ಇರುವುದು ಅಲ್ಲಿ. ಸತ್ತವನ ಮನೆಯವರಿಗೆ ಇಂಥ ಕಡೆ ಇಷ್ಟು ಭೂಮಿ ಬಿಟ್ಟಿದ್ದೇವೆ ಎನ್ನುತ್ತದೆ ಅದು. ನೆತ್ತರುಗೊಡಗೆ, ಬಾಳ್ಗಚ್ಚು, ಕಲ್ನಾಡು, ಕಾಲಕ್ಕೂ ಸೀಮೆಗೂ ತಕ್ಕಂತೆ ಹೆಸರು ಬೇರೆ. ಕೊಟ್ಟದ್ದನ್ನು ಯಾರಾದರೂ ಕಿತ್ತುಕೊಂಡರೆ ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಕಪಿಲೆ ಹಸುವನ್ನು, ಕೊಂದ ಪಾಪ ತಟ್ಟಲಿ ಎಂಬ ಶಾಪ ಬೇರೆ. ಎಲ್ಲ ಕಲ್ಲಿನಲ್ಲೂ ಈ ಸಾಲಿಲ್ಲ, ಬಹಳಷ್ಟರಲ್ಲಿ ಬರೀ ಹೆಸರಿದೆ, ಇನ್ನೆಷ್ಟೋ ಕಲ್ಲಿನಲ್ಲಿ ಅದೂ ಇಲ್ಲ. ಇರುವ ಕಡೆ ಮಾತ್ರ ಅದು ಊರು ಹತ್ತು ಜನರ ಎದುರು ಬರೆದುಕೊಟ್ಟ ಪತ್ರವೇ ಸರಿ.

ಈ ಮಾತಿಗೆ ಆತಕೂರಿನ ಕಲ್ಲಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಊರು. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ, ಕಬ್ಬನ್ ಪಾರ್ಕಿಗೆ ಹೋದಾಗ ಒಮ್ಮೆ ಒಳಗೆ ಹೋಗಿ ನೋಡಿ. ಶಕ 872, ಅಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಮೆರೆದ ಬೂತುಗನ ಬಂಟ ಮಣಲೆರನಿಗೆ ‘ಬೇಡಿಕೋ’ ಎಂದಾಗ ಆ ಪುಣ್ಯಾತ್ಮ ಸೀಮೆ ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಚ್ಚಾಡಿ ಸತ್ತವು. ಕಾಳಿಗೆ ಕಲ್ಲು ನೆಟ್ಟರು, ಕೆರೆಯ ಕೆಳಗಿನ ಗದ್ದೆ ಬಿಟ್ಟರು. ಅಷ್ಟೇ ಅಲ್ಲ, ಆ ಗದ್ದೆ ನೋಡಿಕೊಳ್ಳುವ ಗೊರವ (ಶಿವನ ಗುಡಿಯ ಪೂಜಾರಿ) ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪ ಎಂದೂ ಕೆತ್ತಿಸಿದರು.

ನಾಯಿಯ ಸ್ಮಾರಕ ಎಂದು ನಗುವುದು ಸುಲಭ. ಆದರೆ ನೋಡಿ, ಒಂದು ನಾಯಿಯ ನೆನಪಿಗೂ ಅವರು ಮಾಡಿದ ಏರ್ಪಾಟು ಎಂಥದು! ಯಾರು ನೋಡಿಕೊಳ್ಳಬೇಕು, ಅದಕ್ಕೆ ಖರ್ಚು ಎಲ್ಲಿಂದ, ತಪ್ಪಿದರೆ ಏನು, ಮೂರಕ್ಕೂ ಉತ್ತರ ಬರೆದಿಟ್ಟಿದ್ದಾರೆ. ನಮ್ಮ ಗ್ರಾನೈಟ್ ಕಟ್ಟೆಗೆ ರಿಬ್ಬನ್ ಕತ್ತರಿಸಿದ ಮಾರನೆಯ ದಿನದಿಂದ ಯಾರು ದಿಕ್ಕು?

ಇನ್ನೊಂದು ಬಗೆಯ ಸ್ಮಾರಕವನ್ನೂ ಇದರ ಪಕ್ಕ ಇಟ್ಟು ನೋಡಬೇಕು. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು ಸೈನಿಕರನ್ನು ಹೆಚ್ಚಾಗಿ ಕೊಟ್ಟ ಹಳ್ಳಿಗಳಲ್ಲಿ ಸಣ್ಣ ಸಣ್ಣ ಫಲಕ ಹಾಕಿಸಿದರು. ಉತ್ತರಪ್ರದೇಶದ ಘಾಜಿಪುರ ಜಿಲ್ಲೆಯ ಗಹ್ಮರ್ ಎಂಬ ಊರಿನ ಫಲಕದ ಪ್ರಕಾರ ಅಲ್ಲಿಂದ ಯುದ್ಧಕ್ಕೆ ಹೋದವರು 228, ಸತ್ತವರು 21. ಹೆಸರಿಲ್ಲ. ಇಂಥ ಫಲಕಗಳ ಧಾಟಿಯೇ ಅದು: ಈ ಊರಿನಿಂದ ಇಷ್ಟು ಮಂದಿ ಹೋದರು, ಇಷ್ಟು ಮಂದಿ ಪ್ರಾಣ ಕೊಟ್ಟರು. ಸಾಮ್ರಾಜ್ಯಕ್ಕೆ ಲೆಕ್ಕ ಸಾಕಾಗಿತ್ತು. ಆ ಇಪ್ಪತ್ತೊಂದು ಮಂದಿ ಯಾರ ಯಾರ ಮನೆಯವರು ಎಂಬುದು ಆ ಊರ ಹಿರಿಯರ ಬಾಯಲ್ಲಿ ಉಳಿದಷ್ಟು ದಿನ ಉಳಿಯುತ್ತದೆ.

ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಕುದುರೆ ಏರಿ ಮಷೀನ್‌ಗನ್ನುಗಳ ಎದುರು ನುಗ್ಗಿದ್ದನ್ನು ಈಚೆಗೆ ಎಲ್ಲರೂ ಹಂಚಿಕೊಳ್ಳುತ್ತಾರೆ. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರಿನವನು. ಸಂತೋಷ. ಆದರೆ ಆ ಕುದುರೆ ಏರಿದವರು ಹೊರಟದ್ದು ಯಾವ್ಯಾವ ಹಳ್ಳಿಯಿಂದ, ಆ ಹಳ್ಳಿಗಳಲ್ಲಿ ಇವತ್ತು ಅವರನ್ನು ನೆನೆಯುವವರು ಯಾರಾದರೂ ಇದ್ದಾರಾ? ಹಂಚಿಕೊಳ್ಳುವ ಪೋಸ್ಟುಗಳಲ್ಲಿ ಅದು ನನಗೆ ಸಿಕ್ಕಿಲ್ಲ. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿ 25 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅಲ್ಲಿ ಅವರು ದೇಶದ ಸೈನಿಕರು. ಯಾರ ಮಗ, ಯಾವ ಶಾಲೆಯ ಹುಡುಗ, ಯಾವ ಕೆರೆಯಲ್ಲಿ ಈಜು ಕಲಿತವ ಎಂಬುದನ್ನು ಹೇಳಬೇಕಾದ್ದು ಊರೇ. ದೆಹಲಿಯ ಕೈಲಿ ಅದು ಆಗುವ ಕೆಲಸವಲ್ಲ.

ವಾಯುಪಡೆಯ ಪೈಲಟ್, ಕೊಡಗಿನ ಅಜ್ಜಮಾಡ ದೇವಯ್ಯನವರ ಕಥೆ ಕೇಳಿದ್ದೀರಲ್ಲ. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿ. ತಮ್ಮದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಅವರು ತಮ್ಮ ಮಿಸ್ಟೇರ್‌ನಿಂದ ಹೊಡೆದು ಕೆಡವಿದರು, ತಾವೂ ಹಿಂದಿರುಗಲಿಲ್ಲ. ಏನಾಯಿತೆಂಬುದು ಇಲ್ಲಿಯವರಿಗೆ ವರ್ಷಗಟ್ಟಲೆ ತಿಳಿಯಲೇ ಇಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ನಂತರ. ಅವರ ದೇಹವನ್ನು ಮಣ್ಣು ಮಾಡಿದವರು ಅಲ್ಲಿನ ಹಳ್ಳಿಗರು, ಶತ್ರುದೇಶದ ರೈತರು. ನನಗೆ ಈ ವಿವರ ಮನಸ್ಸಿನಿಂದ ಹೋಗುವುದೇ ಇಲ್ಲ. ಹೊಲದಲ್ಲಿ ಬಿದ್ದ ಹೆಣಕ್ಕೆ ಊರಿನವರು ಮಾಡಬೇಕಾದ್ದನ್ನು ಅವರು ಮಾಡಿದರು, ಅಷ್ಟೇ.

2016ರ ಫೆಬ್ರವರಿಯಲ್ಲಿ ಕುಂದಗೋಳ ತಾಲೂಕಿನ ಬೆಟದೂರು ಎಂಬ ಹೆಸರು ಇಡೀ ದೇಶಕ್ಕೆ ಗೊತ್ತಾಯಿತು. ಸಿಯಾಚಿನ್‌ನಲ್ಲಿ ಫೆಬ್ರವರಿ 3ರಂದು ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಆರು ದಿನದ ಮೇಲೆ ಹನುಮಂತಪ್ಪ ಕೊಪ್ಪದ ಉಸಿರಾಡುತ್ತಲೇ ಸಿಕ್ಕರು, ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಊರಿಗೆ ಬಂದ ಜನಸಾಗರವನ್ನು ಟಿವಿಯಲ್ಲಿ ನೋಡಿದ್ದೇವೆ. ಆ ವಾರ ನಾವೆಲ್ಲ ಡಿಪಿ ಬದಲಿಸಿದೆವು. ಅದೇ ಹಿಮದಲ್ಲಿ ಸತ್ತ ಉಳಿದ ಒಂಬತ್ತು ಮಂದಿಯಲ್ಲಿ ಇನ್ನಿಬ್ಬರು ಕನ್ನಡಿಗರಿದ್ದರು, ಒಬ್ಬರು ಹಾಸನ ಜಿಲ್ಲೆಯವರು, ಇನ್ನೊಬ್ಬರು ಎಚ್.ಡಿ. ಕೋಟೆ ತಾಲೂಕಿನವರು. ಅವರ ಊರಿನ ಹೆಸರು ಥಟ್ಟನೆ ಹೇಳಿ ನೋಡೋಣ. ದೇಶದ ನೆನಪು ಹೀಗೇ, ಕ್ಯಾಮೆರಾ ಇದ್ದಷ್ಟು ದಿನ. ಅದಕ್ಕೇ ಊರಿನ ನೆನಪು ಬೇರೆ ಇರಬೇಕು ಅನ್ನುವುದು.

ಸರಿ, ವೀರಗಲ್ಲನ್ನು ಇಷ್ಟು ಹೊಗಳಿದ ಮೇಲೆ ಅದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ’ ಎಂಬ ಶ್ಲೋಕ ಎಷ್ಟೋ ಕಲ್ಲುಗಳ ಮೇಲಿದೆ. ಗೆದ್ದರೆ ಸಂಪತ್ತು, ಸತ್ತರೆ ದೇವಕನ್ಯೆ, ಕ್ಷಣದಲ್ಲಿ ಅಳಿಯುವ ದೇಹಕ್ಕೆ ರಣದಲ್ಲಿ ಸಾಯುವ ಚಿಂತೆ ಯಾಕೆ ಎಂದು. ನನಗೆ ಇದು ಇಷ್ಟವಾಗುವುದಿಲ್ಲ. ಸಾಯಲು ಹೋಗದವರು ಸಾಯಲು ಹೋಗುವವರಿಗೆ ಹೇಳುವ ಮಾತು ಇದು. ನಡುವಿನ ಪಟ್ಟಿಕೆಯ ಅಪ್ಸರೆಯರೂ ಆ ಪೈಕಿಯೇ. ಆ ಸ್ವರ್ಗದ ಭಾಗ ಹಾಗೇ ನಮ್ಮ ಫ್ಲೆಕ್ಸುಗಳಿಗೆ ಇಳಿದಿದೆ, ಮೇಲ್ಗಡೆ ಮೋಡ, ಮೋಡದಲ್ಲಿ ಭಾರತಮಾತೆ. ಇಳಿಯದೆ ಉಳಿದದ್ದು ಗದ್ದೆಯ ಸಾಲು.

ಇನ್ನು ಮಾಸ್ತಿಕಲ್ಲು. ಕಂಬದಿಂದ ಚಾಚಿದ ಒಂದು ತೋಳು, ಕೈತುಂಬ ಬಳೆ. ಗಂಡನ ಹಿಂದೆ ಚಿತೆಗೆ ಹೋದವಳ ಗುರುತು. ಅವಳನ್ನೂ ದೇವರು ಮಾಡಿ ಕೈತೊಳೆದುಕೊಂಡ ಊರುಗಳೂ ನಮ್ಮವೇ. ಈಗ ಚಿತೆ ಇಲ್ಲ, ಬಾಯಿಗಳಿವೆ. ‘ಪರಿಹಾರ ಎಷ್ಟು ಬಂತಂತೆ’, ‘ಅತ್ತೆ ಮಾವಂಗೆ ಕೊಟ್ಟಳಾ’, ‘ಇನ್ನೊಂದು ಮದುವೆ ಆಗ್ತಾಳಂತಲ್ಲ’. ಇಪ್ಪತ್ತೈದರ ಹರೆಯದ ಹುಡುಗಿಯ ಬಗ್ಗೆ ಇದನ್ನು ಆಡಿಕೊಳ್ಳುವ ನಾಲಿಗೆಯೇ ಆಗಸ್ಟ್ 15ಕ್ಕೆ ‘ಅಮರ್ ರಹೇ’ ಕೂಗುತ್ತದೆ.

ಸರ್ಕಾರ ಕೊಡುವುದು ಸರ್ಕಾರದ ಲೆಕ್ಕ, ಅದಕ್ಕೆ ಸೈನಿಕ ಕಲ್ಯಾಣ ಇಲಾಖೆ ಇದೆ, ನಿಯಮಗಳಿವೆ, ಅರ್ಜಿಗಳಿವೆ. ನಾನು ಕೇಳುತ್ತಿರುವುದು ಊರಿನ ಲೆಕ್ಕ. ಸ್ಮಾರಕಕ್ಕೆ ಲಕ್ಷಗಟ್ಟಲೆ ಚಂದಾ ಎತ್ತುವ ಊರು ಅದರ ಅರ್ಧವನ್ನು ಬ್ಯಾಂಕಿನಲ್ಲಿಟ್ಟು ಆ ಮನೆಯ ಮಕ್ಕಳ ಓದಿಗೆ ಬಡ್ಡಿ ಬಿಡಬಾರದೇ? ಪಂಚಾಯ್ತಿಯ ಮಳಿಗೆಯಲ್ಲಿ ಒಂದರ ಬಾಡಿಗೆ ಆ ತಾಯಿಗೆ ಹೋಗಲಿ. ದುಡ್ಡೇ ಇಲ್ಲದ ಊರಾದರೆ, ಆ ಹೆಣ್ಣುಮಗಳು ಒಂದು ಸಹಿಗಾಗಿ ತಾಲೂಕು ಕಚೇರಿಗೆ ಅಲೆಯುವಾಗ ಜೊತೆಗೆ ಹೋಗುವ ನಾಲ್ಕು ಜನರ ಸರದಿಯಾದರೂ ಇರಲಿ. ಇಂಥವರು ಇಂಥದ್ದು ಮಾಡತಕ್ಕದ್ದು ಎಂದು ಅದನ್ನೇ ಕಲ್ಲಿನ ಮೇಲೆ ಕೆತ್ತಿಸಿ. ಕವಿಲೆಯ ಪಾಪಕ್ಕೆ ಈಗ ಯಾರೂ ಹೆದರುವುದಿಲ್ಲ, ಆದರೆ ಬಸ್‌ಸ್ಟ್ಯಾಂಡಿನಲ್ಲಿ ಬರೆದಿಟ್ಟ ಮಾತು ತಪ್ಪಲು ಊರಿನವರಿಗೆ ಸ್ವಲ್ಪವಾದರೂ ನಾಚಿಕೆಯಾದೀತು.

ಹಳೆಯ ಕಲ್ಲುಗಳ ಬಗ್ಗೆ ಒಂದು ವಿನಂತಿ. ಬಟ್ಟೆ ಒಗೆಯಲು ಹಾಸಿದ್ದು, ಮೋರಿಗೆ ಹೊದಿಸಿದ್ದು, ನಿಧಿಯಾಸೆಗೆ ಬುಡ ಅಗೆದು ಉರುಳಿಸಿದ್ದು, ಎಲ್ಲ ನೋಡಿದ್ದೇವೆ. ಭಕ್ತಿ ಹೆಚ್ಚಾಗಿ ಆಯಿಲ್ ಪೇಂಟ್ ಬಳಿಯುವುದು ಅದಕ್ಕೂ ಕೆಟ್ಟದ್ದು, ಅಕ್ಷರ ಮುಚ್ಚಿಹೋಗುತ್ತದೆ. ನಿಮ್ಮೂರಿನ ಕಲ್ಲಿನಲ್ಲಿ ಬರಹವಿದ್ದರೆ ಬರೀ ನೀರು ಹಾಕಿ ಮೆತ್ತಗಿನ ಬ್ರಷ್‌ನಲ್ಲಿ ತೊಳೆಯಿರಿ, ಆಸಿಡ್ಡು, ತಂತಿ ಬ್ರಷ್ಷು ಬೇಡ. ನೆತ್ತಿಯ ಬಿಸಿಲಿನಲ್ಲಿ ಅಕ್ಷರ ಕಾಣುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲು ಬಿದ್ದಾಗ, ಇಲ್ಲವೇ ರಾತ್ರಿ ಪಕ್ಕದಿಂದ ಟಾರ್ಚ್ ಹಿಡಿದು ಫೋಟೋ ತೆಗೆಯಿರಿ. ಬೆಂಗಳೂರು ಸುತ್ತಮುತ್ತಲಿನವರಾದರೆ ಮಿಥಿಕ್ ಸೊಸೈಟಿ ಎಂಬ ಸಂಸ್ಥೆಯವರು ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿಡುತ್ತಿದ್ದಾರೆ, ಅವರಿಗೆ ತಿಳಿಸಿ. ಬೇರೆ ಜಿಲ್ಲೆಯವರು ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ತೋರಿಸಿ, ಹಳಗನ್ನಡ ಲಿಪಿ ಓದಬಲ್ಲವರು ಇನ್ನೂ ಇದ್ದಾರೆ. ಫೋಟೋ ಕಳಿಸುವಾಗ ಊರು, ಹೋಬಳಿ, ಕಲ್ಲು ನಿಂತ ಜಾಗ ಮೂರನ್ನೂ ಬರೆಯಿರಿ. ಜಾಗ ತಿಳಿಯದ ಕಲ್ಲಿನ ಚಿತ್ರ ಇಟ್ಟುಕೊಂಡು ಅವರೂ ಹೆಚ್ಚೇನೂ ಮಾಡಲಾರರು.