ಅದಲ್ಲ, ಸ್ವಂತ ಊರು ಯಾವುದು?

ಕನ್ನಡಿಗರ ಬಾಯಲ್ಲಿ ಸದಾ ಸಿದ್ಧವಾಗಿರುವ ಪ್ರಶ್ನೆ ಒಂದಿದೆ. ಬಸ್ಸಲ್ಲಿ ಪಕ್ಕ ಕೂತವರನ್ನು, ಮದುವೆ ಊಟದಲ್ಲಿ ಎದುರಿನ ಎಲೆಯವರನ್ನು, ಕೊನೆಗೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದವರನ್ನೂ ಬಿಡದೆ ಕೇಳುತ್ತೇವೆ: "ಯಾವೂರಾಯ್ತು?" ಇದರಲ್ಲಿ ತಪ್ಪೇನಿಲ್ಲ ಬಿಡಿ. ಊರು ಹೇಳಿದ ತಕ್ಷಣ ಅಲ್ಲಿ ನಮ್ಮ ಷಡ್ಡಕನದೊಂದು ಅಂಗಡಿ ಇದ್ದೇ ಇರುತ್ತದೆ, ಮಾತು ಸಾಗುತ್ತದೆ. ಮಜಾ ಶುರುವಾಗುವುದು ಎರಡನೇ ಪ್ರಶ್ನೆಯಿಂದ. "ಬೆಂಗಳೂರು ಸರಿ, ಸ್ವಂತ ಊರು?" ಆಮೇಲೆ ದನಿ ತಗ್ಗಿಸಿ ಮೂರನೆಯದು, "ನೀವು ಯಾವ ಪೈಕಿ?" ಇದಕ್ಕೆ ಉತ್ತರ ಸಿಕ್ಕ ಮೇಲೆ ಮೊದಲೆರಡರ ಉತ್ತರ ಯಾರಿಗೂ ನೆನಪಿರುವುದಿಲ್ಲ.

ಕೆಲವರ ವಿಷಯದಲ್ಲಿ ಮಾತ್ರ ಕೇಳುವವರಿಗೆ ಮುಖ ನೋಡಿದ ಕೂಡಲೇ ಉತ್ತರ ಗೊತ್ತಾಗಿಬಿಟ್ಟಿರುತ್ತದೆ. ಪಾಪ, ಅವರು ಏನು ಹೇಳಿದರೂ ತಪ್ಪೇ.

ನನಗೆ ಪರಿಚಯದ ಒಬ್ಬ ಹುಡುಗ ಇದ್ದಾನೆ. ಯಲ್ಲಾಪುರ ತಾಲ್ಲೂಕು, ಮಂಚಿಕೇರಿ ಹತ್ತಿರದವನು. ಸಿದ್ದಿ ಜನ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಶಾಲೆ, ಸಂತೆ, ಜಗಳ ಎಲ್ಲ ಕನ್ನಡ. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದ. ಆಟೋದವರು "ಹಲೋ ಬ್ರೋ, ವೇರ್ ಗೋ?" ಅಂದರು. ಇವನು "ಯಶವಂತಪುರಕ್ಕೆ ಬರ್ತ್ರಾ?" ಅಂದ. ಅಷ್ಟೇ, ಸುತ್ತ ನಾಲ್ಕು ಜನ ಸೇರಿದರು. "ಅಬ್ಬಾ, ಕನ್ನಡ ಏನ್ ಚೆನ್ನಾಗಿ ಕಲ್ತಿದ್ದಾನೆ ನೋಡ್ರೀ! ಯಾರಪ್ಪಾ ಕಲ್ಸಿದ್ದು?" ಇವನು "ಒಂದನೇ ಕ್ಲಾಸಿನ ಮೇಷ್ಟ್ರು ಮಾರಾಯ್ರೆ, ನಿಮಗೆ ಯಾರು ಕಲ್ಸಿದ್ರು?" ಎಂದು ಕೇಳಿದನಂತೆ. ಅದಕ್ಕೂ ಚಪ್ಪಾಳೆ ಬಿತ್ತು. ಒಬ್ಬರು ಸೆಲ್ಫಿ ತೆಗೆದುಕೊಂಡರು. ಬಾಡಿಗೆ ಮಾತ್ರ ವಿದೇಶಿ ರೇಟೇ. ಅಷ್ಟು ಚೆನ್ನಾಗಿ ಕನ್ನಡ ಬಂದರೂ ಒಂದು ರೂಪಾಯಿ ಇಳಿಯಲಿಲ್ಲ.

ಸಿದ್ದಿಗಳು ಯಾರು ಅಂತ ಗೊತ್ತಿಲ್ಲದವರಿಗೆ ಬ್ಯಾಡಗಿ ಮೆಣಸಿನಕಾಯಿಯಿಂದ ಶುರು ಮಾಡಿದರೆ ಬೇಗ ಅರ್ಥವಾದೀತು. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದಿಳಿಯಿತು. ಸಿದ್ದಿಗಳ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದವರಲ್ಲೂ ಅದೇ ಪೋರ್ಚುಗೀಸರು ಮುಂದೆ. ಅಲ್ಲಿಂದ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಇವರು. ಬಂದವರಲ್ಲಿ ಮೆಣಸಿನಕಾಯಿ ನಮ್ಮ ಸಾರಿಗೆ ಬಿತ್ತು, 2011ರಲ್ಲಿ ಜಿಐ ಟ್ಯಾಗ್ ಪಡೆದು ಇಲ್ಲಿಯದೇ ಅಂತ ಸರ್ಕಾರಿ ಮುದ್ರೆ ಒತ್ತಿಸಿಕೊಂಡಿತು. ಯಾರೂ ಅದನ್ನು ತಡೆದು "ಬ್ಯಾಡಗಿ ಸರಿ, ಸ್ವಂತ ಊರು?" ಅನ್ನಲಿಲ್ಲ.

ಸಿದ್ದಿಗಳ ಕಡತ ಅಷ್ಟು ಚುರುಕಾಗಿ ಓಡಲಿಲ್ಲ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ, ಅದೂ ಉತ್ತರ ಕನ್ನಡ ಜಿಲ್ಲೆಯವರನ್ನು ಮಾತ್ರ. ಗಡಿ ದಾಟಿ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿದ್ದ ಅವರದೇ ನೆಂಟರು 2020ರವರೆಗೆ ಕಾದರು. ಅಂದರೆ ಅಷ್ಟು ವರ್ಷ ಅಣ್ಣ ಹಳಿಯಾಳದಲ್ಲಿ ಬುಡಕಟ್ಟು, ತಮ್ಮ ಕಲಘಟಗಿಯಲ್ಲಿ ಇನ್ನೇನೋ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು, ಆ ಸಮುದಾಯದ ಮೊದಲ ಶಾಸಕರಾಗಿ. ಒಂದು ವಿಷಯದಲ್ಲಿ ಮಾತ್ರ ಸರ್ಕಾರಕ್ಕೆ ಇವರ ಮೂಲ ಬಲು ಬೇಗ ನೆನಪಾಗಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರದವರು, ಆಫ್ರಿಕಾದ ರಕ್ತ ಅಲ್ವಾ, ಓಡಿಸಿದರೆ ಒಲಿಂಪಿಕ್ಸ್ ಪದಕ ಬರುತ್ತದೆ ಅಂತ ಲೆಕ್ಕ ಹಾಕಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದರು. ಕೆಲವರು ಚೆನ್ನಾಗಿಯೇ ಓಡಿದರು. ಕೆಲವೇ ವರ್ಷಗಳಲ್ಲಿ ಯೋಜನೆಯೇ ನಿಂತಿತು, ಮಕ್ಕಳು ಊರಿಗೆ ವಾಪಸ್.

ಮುಂಡಗೋಡಕ್ಕೆ ಹೋಗಿ ನೋಡಿ, ಅಲ್ಲಿ ಟಿಬೆಟನ್ನರ ಕ್ಯಾಂಪೂ ಇದೆ, ಸಿದ್ದಿಗಳೂ ಇದ್ದಾರೆ. ಕೆಂಪು ಬಟ್ಟೆ ತೊಟ್ಟ ಲಾಮಾ ಒಬ್ಬರು ಟೊಮೆಟೊ ಬೆಲೆ ಜಾಸ್ತಿಯಾಯ್ತು ಅಂತ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ತರಕಾರಿಯವಳು ತಲೆ ಎತ್ತದೆ "ಆಗೂದಿಲ್ರಿ" ಅನ್ನುತ್ತಾಳೆ. ಯಾರಿಗೂ ಆಶ್ಚರ್ಯವಿಲ್ಲ. ಸೆಲ್ಫಿ ಇಲ್ಲ. ಆಶ್ಚರ್ಯವೆಲ್ಲ ಬೆಂಗಳೂರಿಗೇ ಮೀಸಲು.

ಇಷ್ಟೆಲ್ಲ ಊರು ಕೇಳುವ ನಮ್ಮ ನಗರ, ಕೇಳಲೇಬೇಕಾದ ದಿನ ಕೇಳಲಿಲ್ಲ. 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟ ಕಡೆ ಸುಡಾನ್‌ನವನೊಬ್ಬ ಓಡಿಸುತ್ತಿದ್ದ ಕಾರಿಗೆ ಸಿಕ್ಕು ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಆಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಥಳಿಸಿತು, ಕಾರಿಗೆ ಬೆಂಕಿ ಇಟ್ಟಿತು. ನೀನು ಯಾವ ದೇಶದವಳಮ್ಮ ಎಂಬ ಒಂದೇ ಒಂದು ಪ್ರಶ್ನೆ ಆ ಇಡೀ ಗುಂಪಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಈಶಾನ್ಯದವರ ಕಥೆ ನಿಮಗೇ ಗೊತ್ತು. 2012ರ ಆಗಸ್ಟ್‌ನಲ್ಲಿ ಅವರ ಮೇಲೆ ದಾಳಿ ಆಗುತ್ತದೆ ಎಂಬ ವದಂತಿ ಹಬ್ಬಿ, ಸಾವಿರಾರು ಜನ ಗುವಾಹಟಿ ರೈಲು ಹಿಡಿಯಲು ನಿಲ್ದಾಣದಲ್ಲಿ ನಿಂತಾಗ ನಾವೆಲ್ಲ "ಹೋಗ್ಬೇಡಿ, ನೀವು ನಮ್ಮವರೇ" ಅಂದೆವು. ನಮ್ಮವರು ವಾಪಸ್ ಬಂದರು. ನಾವು ಮತ್ತೆ "ನೇಪಾಳಾನಾ, ಚೈನಾನಾ?" ಶುರು ಮಾಡಿದೆವು. 2020ರಲ್ಲಿ ಕೊರೊನಾ ಬಂದಾಗ ಅವರನ್ನು ಆ ರೋಗದ ಜೊತೆ ತಳುಕು ಹಾಕಿ ಪೀಡಿಸುವವರ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ ಗೃಹ ಇಲಾಖೆಯೇ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. 2022ರಲ್ಲಿ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಹಿರಿಯಮ್ಮ ಒಬ್ಬರು, ಬ್ರಿಟನ್ನಿನಲ್ಲೇ ಹುಟ್ಟಿದ ಕಪ್ಪು ಮಹಿಳೆಯನ್ನು ನಿಜವಾಗಿ ಎಲ್ಲಿಯವಳು ಅಂತ ಬಿಡದೆ ಕೇಳಿ ಹುದ್ದೆಯನ್ನೇ ಬಿಟ್ಟರು. ಆ ಪದ್ಧತಿ ಇಲ್ಲಿಗೂ ಬಂದರೆ ಒಂದೇ ವಾರದಲ್ಲಿ ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳೆಲ್ಲ ಖಾಲಿ.

ನಮ್ಮ ಹುಡುಗ ಬಾಡಿಗೆ ಮನೆ ಹುಡುಕಿದ್ದನ್ನು ಹೇಳದಿದ್ದರೆ ಆಗಲ್ಲ. ಮೊದಲ ಮಹಡಿ, ಒಂದು ರೂಮು, ಒಂದು ಹಾಲು. ಮಾಲೀಕರು ಗೇಟಿನಲ್ಲೇ ನಿಲ್ಲಿಸಿ ಆಧಾರ್ ಇಸಿದುಕೊಂಡರು. ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು, ಫೋಟೊ ಒಮ್ಮೆ ಮುಖ ಒಮ್ಮೆ ನೋಡಿ "ಪಾಸ್‌ಪೋರ್ಟ್ ಇಲ್ವಾ?" ಅಂದರು.

"ಎಂಥಕ್ಕೆ ಸರ್? ನಾನು ಯಲ್ಲಾಪುರದಿಂದ ಬಸ್ಸಲ್ಲಿ ಬಂದದ್ದು."

"ಹಾಗಲ್ಲಪ್ಪ, ಫಾರಿನ್ನವರಿಗೆ ಕೊಟ್ರೆ 24 ಗಂಟೆಯೊಳಗೆ ಸರ್ಕಾರಕ್ಕೆ ಫಾರಂ ತುಂಬ್ಬೇಕು. ಆಮೇಲೆ ಪೊಲೀಸ್ರು ನಮ್ಮನ್ನ ಹಿಡ್ಕೋತಾರೆ."

"ಉತ್ತರ ಕನ್ನಡ ಜಿಲ್ಲೆಗೂ ತುಂಬ್ಬೇಕಾ?"

ಮಾಲೀಕರು ಯೋಚಿಸಿದರು. ನಿಜವಾಗಿ ಯೋಚಿಸಿದರಂತೆ. ಕೊನೆಗೆ "ಮನೆಯವರನ್ನ ಕೇಳಿ ಹೇಳ್ತೀನಿ" ಅಂದರು. ಬೆಂಗಳೂರಲ್ಲಿ ಇದರ ಅರ್ಥ ಎಲ್ಲರಿಗೂ ಗೊತ್ತು.

ಹುಡುಗ ಹೊರಡುವಾಗ ಸುಮ್ನೆ ಕೇಳಿದ, "ನಿಮ್ದು ಯಾವೂರು ಸರ್?" ಮಾಲೀಕರ ಮುಖ ಅರಳಿತು. "ನಾವು ಪಕ್ಕಾ ಬೆಂಗಳೂರಿನವರು. ಅಂದ್ರೆ, ನಮ್ಮಪ್ಪ ಅರವತ್ತರ ಸುಮಾರಿಗೆ ಕುಣಿಗಲ್ ಕಡೆಯಿಂದ ಬಂದ್ರು. ಮೂಲ ಅದಲ್ಲ ಮತ್ತೆ. ವಿಜಯನಗರ ಬಿದ್ದ ಮೇಲೆ ನಮ್ಮ ಹಿರೀಕರು ಆ ಕಡೆಯಿಂದ ಗಾಡಿ ಕಟ್ಕೊಂಡು ಬಂದವರಂತೆ. ಮನೆದೇವ್ರು ಈಗ್ಲೂ ಆಂಧ್ರದಲ್ಲೇ ಇದೆ. ಮಗ ಡಲ್ಲಾಸ್‌ನಲ್ಲಿದ್ದಾನೆ, ಸಿಟಿಜನ್‌ಶಿಪ್ ಬಂತು. ಆದ್ರೂ ಅಲ್ಲಿನವರು ನೀನು ನಿಜವಾಗಿ ಎಲ್ಲಿಯವನು ಅಂತ ಕೇಳ್ತಾನೇ ಇರ್ತಾರಂತೆ. ಎಂಥಾ ಜನ ಅಲ್ವಾ?"

"ವಿಜಯನಗರ ಬಿದ್ದದ್ದು 1565ರಲ್ಲಿ ಅಲ್ವಾ ಸರ್? ಪೋರ್ಚುಗೀಸರು ಗೋವೆಗೆ ನಮ್ಮವರನ್ನ ತರ್ತಾ ಇದ್ದದ್ದೂ ಆಗಲೇ. ಹಾಗಾದ್ರೆ ನಿಮ್ಮವರೂ ನಮ್ಮವರೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬಂದವರು."

"ಇಲ್ಲಿಲ್ಲ," ಅಂದರು ಮಾಲೀಕರು, "ನಾವು ಇಲ್ಲಿಯವರೇ."

ಮನೆ ಇನ್ನೂ ಖಾಲಿ ಇದೆಯಂತೆ. ಬಾಡಿಗೆ 14 ಸಾವಿರ, ಹತ್ತು ತಿಂಗಳ ಅಡ್ವಾನ್ಸ್, ನೀರಿಗೆ ಬೇರೆ. ಕನ್ನಡದವರಿಗೆ ಮೊದಲ ಆದ್ಯತೆ ಅಂತ ಬೋರ್ಡು ಹಾಕಿದ್ದಾರೆ.