ವಿಜ್ಞಾನಿಯ ಅನುಮಾನಕ್ಕೆ ಕಥೆಯಲ್ಲಿ ಜಾಗವಿಲ್ಲವೇ?

ಸಿನಿಮಾ, ಧಾರಾವಾಹಿ, ಕಾದಂಬರಿಗಳಲ್ಲಿ ಬರುವ ವಿಜ್ಞಾನಿಯ ಬಗ್ಗೆ ನನಗೆ ಬಹಳ ದಿನಗಳಿಂದ ಒಂದು ತಕರಾರಿದೆ. ಅದು ಕೆದರಿದ ಕೂದಲು, ಹೊಗೆಯಾಡುವ ಬಣ್ಣದ ದ್ರಾವಣ, ಗೋಡೆ ತುಂಬ ಗೀಚಿದ ಸಮೀಕರಣಗಳ ಬಗ್ಗೆ ಅಲ್ಲ. ಕಥೆ ಹೇಳುವವರಿಗೆ ಅಷ್ಟು ಸಲಿಗೆ ಇರಲಿ. ನನ್ನನ್ನು ಕಾಡುವುದು ಬೇರೆ. ಕಥೆಯ ವಿಜ್ಞಾನಿ ತನಗೆ ಸಿಕ್ಕ ಉತ್ತರವನ್ನು ಸಿಕ್ಕ ಕೂಡಲೇ ನಂಬಿಬಿಡುತ್ತಾನೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ‘ಸಿಕ್ಕಿತು’ ಎಂದು ಕೂಗಿ, ಬಿಳಿ ಕೋಟಿನಲ್ಲೇ ಹೊರಗೆ ಓಡುತ್ತಾನೆ. ಪ್ರಯೋಗಾಲಯದಲ್ಲಿ ಅಸಲಿ ಕೆಲಸ ಶುರುವಾಗುವುದೇ ಆಮೇಲೆ.

ನನ್ನ ಕೆಲಸ ಡಿಎನ್‌ಎ ಜೊತೆ. ಪಿಸಿಆರ್ ಎಂಬ ವಿಧಾನದಲ್ಲಿ ಡಿಎನ್‌ಎಯ ಚೂರೊಂದನ್ನು ಕೋಟ್ಯಂತರ ಪ್ರತಿಗಳಾಗಿ ಹೆಚ್ಚಿಸುತ್ತೇವೆ. ಪ್ರತಿ ಸಲವೂ ಮಾದರಿಗಳ ಸಾಲಿನ ಕೊನೆಯಲ್ಲಿ ಒಂದು ಟ್ಯೂಬಿಗೆ ಡಿಎನ್‌ಎ ಬದಲು ಬರೀ ನೀರು ಹಾಕುತ್ತೇವೆ. ಯಂತ್ರದ ಕೆಲಸ ಮುಗಿದ ಮೇಲೆ ಎಲ್ಲವನ್ನೂ ಜೆಲ್‌ನ ಗುಳಿಗಳಿಗೆ ಒಂದೊಂದಾಗಿ ತುಂಬಿ, ವಿದ್ಯುತ್ ಹಾಯಿಸಿ, ಕೊನೆಗೆ ಅತಿನೇರಳೆ ಬೆಳಕಿನಲ್ಲಿ ನೋಡುತ್ತೇವೆ. ಡಿಎನ್‌ಎ ಇದ್ದಲ್ಲಿ ಹೊಳೆಯುವ ಪಟ್ಟಿ ಕಾಣುತ್ತದೆ. ಅನುಭವಿಗಳ ಕಣ್ಣು ಮೊದಲು ಹೋಗುವುದು ತಮ್ಮ ಮಾದರಿಯ ಕಡೆಗಲ್ಲ, ನೀರು ಹಾಕಿದ ಸಾಲಿನ ಕಡೆಗೆ. ಅಲ್ಲಿ ಏನೂ ಕಾಣಬಾರದು. ಮಸುಕಾದ ಒಂದು ಪಟ್ಟಿ ಕಂಡರೂ ಸಾಕು, ಮಿಕ್ಕ ಸಾಲುಗಳು ಎಷ್ಟೇ ಚೆಂದ ಬಂದಿದ್ದರೂ ಅವನ್ನು ನಂಬುವಂತಿಲ್ಲ. ಡಿಎನ್‌ಎ ಎಲ್ಲಿಂದಲೋ ನುಸುಳಿದೆ. ಪಿಪೆಟ್‌ನಿಂದಲೋ, ನೀರಿನ ಬಾಟಲಿಯಿಂದಲೋ, ಹಿಂದಿನ ದಿನ ಪಕ್ಕದ ಮೇಜಿನಲ್ಲಿ ತೆರೆದ ಟ್ಯೂಬಿನಿಂದಲೋ ಯಾರು ಬಲ್ಲರು. ದ್ರಾವಣಗಳನ್ನೆಲ್ಲ ಚೆಲ್ಲಿ, ಮೇಜನ್ನು ಬ್ಲೀಚಿನಿಂದ ಒರೆಸಿ, ಹೊಸದಾಗಿ ಶುರು ಮಾಡಬೇಕು.

ಈ ನೀರಿನ ಟ್ಯೂಬನ್ನು ಯಾವ ಕಥೆಯಲ್ಲೂ ನಾನು ಕಂಡಿಲ್ಲ. ವಿಜ್ಞಾನವನ್ನು ಬರಿಯ ನಂಬಿಕೆಯಿಂದ ಬೇರೆಯಾಗಿಸುವುದೇ ಅದು.

ಅನುಮಾನದಲ್ಲಿ ನಾಟಕೀಯತೆ ಇಲ್ಲ ಎನ್ನುವವರು 2011ರ ಒಪೇರಾ ಎಂಬ ಭೌತವಿಜ್ಞಾನದ ಪ್ರಯೋಗವನ್ನು ನೆನಪಿಸಿಕೊಳ್ಳಲಿ. ಜಿನೀವಾ ಬಳಿಯ ಸರ್ನ್ ಎಂಬ ಕಣಭೌತ ಸಂಶೋಧನಾ ಕೇಂದ್ರದಿಂದ ಇಟಲಿಯ ಗ್ರಾನ್ ಸಾಸೊ ಭೂಗತ ಪ್ರಯೋಗಾಲಯಕ್ಕೆ ಸುಮಾರು 730 ಕಿಲೋಮೀಟರ್. ಅಷ್ಟು ದೂರ ಸಾಗಿದ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ ಮೊದಲೇ ತಲುಪಿದಂತೆ ಲೆಕ್ಕ ಬಂತು. ಲೆಕ್ಕ ಸರಿಯಿದ್ದರೆ, ಬೆಳಕಿಗಿಂತ ವೇಗವಾಗಿ ಯಾವುದೂ ಸಾಗದು ಎನ್ನುವ ಐನ್‌ಸ್ಟೈನರ ಸಿದ್ಧಾಂತವೇ ಅಲುಗಾಡಬೇಕು. ತಂಡ ತಿಂಗಳುಗಟ್ಟಲೆ ತನ್ನೊಳಗೇ ಹುಡುಕಿ, ತಪ್ಪು ಸಿಗದೆ, ನೀವೂ ಪರಿಶೀಲಿಸಿ ಎಂದು ಜಗತ್ತಿನ ಮುಂದಿಟ್ಟಿತು. ಮುಂದಿನ ವರ್ಷ ಕಾರಣ ಸಿಕ್ಕಿತು: ಸರಿಯಾಗಿ ಕೂರದ ಒಂದು ಆಪ್ಟಿಕಲ್ ಫೈಬರ್ ಕೇಬಲ್ ಮತ್ತು ವೇಗ ತಪ್ಪಿದ ಒಂದು ಗಡಿಯಾರ. ತಂಡದ ಇಬ್ಬರು ಪ್ರಮುಖರು ಹುದ್ದೆ ಬಿಟ್ಟರು. ಮಹತ್ವಾಕಾಂಕ್ಷೆ, ಭಯ, ಒಳಜಗಳ, ಸತ್ಯ ಎಲ್ಲವೂ ಒಂದೇ ಕಡೆ ಇವೆ. ಕಾದಂಬರಿಗೆ ಇನ್ನೇನು ಬೇಕು?

ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ದೂರದರ್ಶಕದ ಕಥೆ ಇನ್ನೂ ಸೊಗಸಾದದ್ದು. ಅಲ್ಲಿ 1998ರಿಂದಲೂ ಆಗಾಗ ಕ್ಷಣಮಾತ್ರದ ವಿಚಿತ್ರ ಸಂಕೇತಗಳು ದಾಖಲಾಗುತ್ತಿದ್ದವು. ಅವು ಬಹುಮಟ್ಟಿಗೆ ಕಾಣಿಸಿದ್ದು ಕಚೇರಿಯ ವೇಳೆಯಲ್ಲೇ. ಆಕಾಶಕ್ಕೆ ಕಚೇರಿಯ ವೇಳೆ ಎಲ್ಲಿಯದು? 2015ರಲ್ಲಿ ಎಮಿಲಿ ಪೆಟ್ರಾಫ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಮತ್ತು ಅವರ ಸಹೋದ್ಯೋಗಿಗಳು ಮೂಲ ಪತ್ತೆ ಹಚ್ಚಿದರು. ಅದು ಅಲ್ಲೇ ಇದ್ದ ಮೈಕ್ರೋವೇವ್ ಒಲೆ. ಅದು ನಿಲ್ಲುವ ಮೊದಲೇ ಯಾರಾದರೂ ಬಾಗಿಲು ತೆಗೆದಾಗ, ದೂರದರ್ಶಕ ಆ ದಿಕ್ಕಿಗೆ ತಿರುಗಿದ್ದರೆ ಸಂಕೇತ ಬೀಳುತ್ತಿತ್ತು. ಪತ್ರಿಕೆಗಳು ಇದನ್ನು ತಮಾಷೆಯ ಸುದ್ದಿಯಾಗಿ ಮುಗಿಸಿದವು. ಆದರೆ 2007ರಲ್ಲಿ ಇದೇ ದೂರದರ್ಶಕದ ದತ್ತಾಂಶದಲ್ಲಿ ಪತ್ತೆಯಾಗಿದ್ದ, ಬಹುದೂರದಿಂದ ಬಂದಂತಿದ್ದ ಕ್ಷಿಪ್ರ ರೇಡಿಯೊ ಸ್ಫೋಟವೂ (ಕ್ಷಣಾರ್ಧದ ರೇಡಿಯೊ ಅಲೆಗಳ ಮಿಂಚು) ಈ ಗೊಂದಲದಿಂದಾಗಿ ಅನುಮಾನಕ್ಕೆ ಗುರಿಯಾಗಿತ್ತು. ಒಲೆಯ ಗುಟ್ಟು ರಟ್ಟಾದ ಮೇಲೆ ಅಂಥ ಸ್ಫೋಟಗಳು ಬೇರೆಯೇ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾಯಿತು. ಕಸ ಗುಡಿಸಿದ್ದರಿಂದಲೇ ಚಿನ್ನ ಉಳಿದದ್ದು.

ಒಂಟಿ ಮೇಧಾವಿಯ ಚಿತ್ರಕ್ಕೂ ನನ್ನ ವಿರೋಧವಿದೆ. 1928ರಲ್ಲಿ ಫ್ಲೆಮಿಂಗ್ ಬೂಷ್ಟು ಹಿಡಿದ ತಟ್ಟೆಯನ್ನು ಗಮನಿಸಿದ ಕಥೆ ಎಲ್ಲರಿಗೂ ಗೊತ್ತು. ಆ ಬೂಷ್ಟಿನಿಂದ ಪೆನಿಸಿಲಿನ್ ಎಂಬ ಔಷಧ ತೆಗೆಯಲು ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಅವರ ತಂಡವೇ ಬರಬೇಕಾಯಿತು. ಆ ತಂಡದ ನಾರ್ಮನ್ ಹೀಟ್ಲಿ ಯುದ್ಧಕಾಲದ ಕೊರತೆಯ ನಡುವೆ ಆಸ್ಪತ್ರೆಯ ಮಲಪಾತ್ರೆಗಳಲ್ಲೂ ಬೂಷ್ಟು ಬೆಳೆಸಿದರು, ಪೆನಿಸಿಲಿನ್ ಶುದ್ಧೀಕರಿಸುವ ವಿಧಾನ ರೂಪಿಸಿದರು. 1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ಬ್ಯಾಕ್ಟೀರಿಯಾ ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟಾಗ, ರಾತ್ರಿ ಮೂರು ಮುಕ್ಕಾಲರವರೆಗೆ ಅಲ್ಲೇ ಕೂತು ನೋಡಿದವರು ಅವರೇ. ಔಷಧ ಸಿಗದ ನಾಲ್ಕೂ ಸತ್ತವು. ಮರುವರ್ಷ ಮೊದಲ ರೋಗಿಗೆ ಕೊಡುವಾಗ ದಾಸ್ತಾನು ಸಾಲದೆ, ಅವನ ಮೂತ್ರದಿಂದಲೇ ಪೆನಿಸಿಲಿನ್ ಮರಳಿ ತೆಗೆದು ಚುಚ್ಚಿದರು. ಚೇತರಿಸಿಕೊಳ್ಳುತ್ತಿದ್ದ ಅವನು ಔಷಧ ಮುಗಿದದ್ದರಿಂದ ಸತ್ತ. 1945ರ ನೊಬೆಲ್ ಫ್ಲೆಮಿಂಗ್, ಫ್ಲೋರಿ, ಚೈನ್ ಅವರಿಗೆ ಬಂತು. ಹೀಟ್ಲಿಯ ಹೆಸರು ಅದರಲ್ಲಿರಲಿಲ್ಲ.

ಇವತ್ತಂತೂ ಒಂಟಿತನ ದೂರದ ಮಾತು. ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ 2015ರಲ್ಲಿ ಬಂದ ಪ್ರಬಂಧಕ್ಕೆ 5,154 ಲೇಖಕರು. 33 ಪುಟಗಳಲ್ಲಿ 24 ಪುಟ ಅವರ ಮತ್ತು ಅವರ ಸಂಸ್ಥೆಗಳ ಹೆಸರಿಗೇ ಹೋಗಿದೆ.

ಕಥೆ ತಾನೇ, ಬಿಡಿ ಎನ್ನಲು ನನಗಾಗುವುದಿಲ್ಲ. ಡೇವಿಡ್ ಚೇಂಬರ್ಸ್ ಎಂಬ ಸಂಶೋಧಕ 4,807 ಮಕ್ಕಳಿಂದ ವಿಜ್ಞಾನಿಯ ಚಿತ್ರ ಬರೆಸಿ 1983ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಅವುಗಳಲ್ಲಿ ಹೆಣ್ಣಿನ ಚಿತ್ರಗಳು 28 ಮಾತ್ರ, ಬರೆದವರೆಲ್ಲರೂ ಹುಡುಗಿಯರು. ಮಕ್ಕಳು ಕಥೆಗಳನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಸಂಶೋಧನೆಗೆ ಹೊಸದಾಗಿ ಸೇರಿದವರಲ್ಲೂ ಇದರ ಪರಿಣಾಮ ಕಾಣುತ್ತೇನೆ. ಮೊದಲ ವರ್ಷ ಪ್ರಯೋಗಗಳು ಮೇಲಿಂದ ಮೇಲೆ ಕೈಕೊಡುತ್ತವೆ. ಅದು ಆ ಕೆಲಸದ ಸ್ವಭಾವ. ಆದರೆ ಅವರು ತಮಗೇ ಪ್ರತಿಭೆ ಇಲ್ಲ ಎಂದುಕೊಂಡು ಕುಗ್ಗುತ್ತಾರೆ. ಒಳ್ಳೆಯ ಕೈಗುಣ, ಚೊಕ್ಕವಾದ ಲ್ಯಾಬ್ ಪುಸ್ತಕ ಇದ್ದವರೂ ಬಿಟ್ಟು ಹೋದದ್ದನ್ನು ನೋಡಿದ್ದೇನೆ. ಅದು ನನಗೆ ಸಂಕಟದ ವಿಷಯ.

ಕಥೆ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಯಾವುದಾದರೂ ಪ್ರಯೋಗಾಲಯದ ವಾರದ ಸಭೆಗೆ ಒಮ್ಮೆ ಹೋಗಿ ಕೂತು ಬನ್ನಿ. ತಿಂಗಳುಗಳ ದುಡಿಮೆಯನ್ನು ಒಬ್ಬಳು ಪರದೆಯ ಮೇಲೆ ತೋರಿಸುತ್ತಿರುತ್ತಾಳೆ. ಹಿಂದಿನ ಸಾಲಿನಿಂದ ಕಿರಿಯನೊಬ್ಬ ಕೈಯೆತ್ತಿ, ಇದನ್ನು ಬೇರೆ ಬ್ಯಾಚಿನ ಕೋಶಗಳಲ್ಲೂ ಮಾಡಿ ನೋಡಿದಿರಾ ಎಂದು ಕೇಳುತ್ತಾನೆ. ಅವಳು ಆ ಪ್ರಶ್ನೆಯನ್ನು ಬರೆದುಕೊಂಡು ಮುಂದಿನ ಚಿತ್ರಕ್ಕೆ ಹೋಗುತ್ತಾಳೆ. ನಿಮ್ಮ ಕಥೆಯನ್ನು ಅಲ್ಲಿಂದ ಶುರು ಮಾಡಿ.